ನಮ್ಮ ಯಜಮಾನರಿಗೆ ಕೇಳಿಸದ ಸದ್ದು

ಕಳೆದ ವರ್ಷ ಯುಗಾದಿ ಆದ ಮೇಲೆ ಮಗಳ ಎರಡನೇ ಬಾಣಂತನಕ್ಕೆಂದು ನಾನು ಹುಳಿಯಾರಿಗೆ ಹೋಗಿದ್ದೆ. ಅಲ್ಲಿದ್ದಾಗ ಒಂದು ಬೆಳಿಗ್ಗೆ ನಮ್ಮ ಯಜಮಾನರಿಂದ ಫೋನ್ ಬಂತು. ಫೋನಿನಲ್ಲಿ ಅವರಿಗೆ ಏನೂ ಕೇಳುವುದಿಲ್ಲ. ಹೇಳಬೇಕಾದ್ದನ್ನು ಜೋರಾಗಿ ಹೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಡುತ್ತಾರೆ.

“ಚಂದ್ರಣ್ಣನ ಜೀಪು ಸ್ಟಾರ್ಟ್ ಆಯ್ತು ಕಣೇ! ಒಂದೇ ಸಲಕ್ಕೆ! ನೀನು ಬಂದು ನೋಡ್ಬೇಕು” ಎಂದರು. ಅವರ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಎಷ್ಟೋ ಕಾಲವಾಗಿತ್ತು. ಮಗಳು ಮಗುವನ್ನು ಎತ್ತಿಕೊಂಡು ನನ್ನ ಮುಖ ನೋಡಿ ನಕ್ಕಳು. “ಹೋಗಿ ಬಾರಮ್ಮ, ಅಪ್ಪ ಕಾಯ್ತಾ ಇರ್ತಾರೆ” ಎಂದಳು.

ನಮ್ಮದು ತುರುವೇಕೆರೆ. ಮಾಯಸಂದ್ರದ ರಸ್ತೆಗೆ ಹೊಂದಿಕೊಂಡಂತೆ ನಮ್ಮ ಮನೆ, ಮನೆಗೆ ಅಂಟಿಕೊಂಡಂತೆ ಯಜಮಾನರ ಗ್ಯಾರೇಜು. ಗ್ಯಾರೇಜೆಂದರೆ ಒಂದು ಶೀಟಿನ ಶೆಡ್ಡು, ಮುಂದೊಂದು ಶಟರು, ಅಷ್ಟೆ. ಆದರೆ ಹಳೆಯ ಡೀಸೆಲ್ ಎಂಜಿನ್ ಎಂದರೆ ಸುತ್ತಲ ಹಳ್ಳಿಯವರೆಲ್ಲ ಅಲ್ಲಿಗೇ ಬರುತ್ತಿದ್ದರು. ಗಾಡಿ ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ ಅದಕ್ಕೇನಾಗಿದೆ ಎಂದು ಹೇಳಿಬಿಡುತ್ತಿದ್ದ ಮನುಷ್ಯ ಅವರು. ಜೀವಮಾನವೆಲ್ಲ ಆ ಸದ್ದಿನ ಮಧ್ಯೆಯೇ ಕಳೆದದ್ದಕ್ಕೋ ಏನೋ, ಮೊದಲು ಬಲಗಿವಿ ಹೋಯಿತು. ಆಮೇಲೆ ಎಡಗಿವಿಯೂ ಸೋಲತೊಡಗಿತು. ತುಮಕೂರಿನ ಡಾಕ್ಟರು ನರ ಸತ್ತಿದೆ, ಮಷೀನು ಹಾಕಿಕೊಂಡರೆ ಸ್ವಲ್ಪ ಅನುಕೂಲ ಎಂದರು. ಹಾಕಿಕೊಂಡರು. ಶೆಡ್ಡಿನಲ್ಲಿ ಒಂದು ಸ್ಪ್ಯಾನರ್ ಬಿದ್ದರೂ ತಲೆಯೊಳಗೆ ತಗಡು ಹರಿದ ಹಾಗಾಗುತ್ತದೆ ಎಂದು ಕಿತ್ತು ಬೀರುವಿನಲ್ಲಿಟ್ಟರು. ಎಡಗಿವಿಗೆ ಬಾಯಿಟ್ಟು ಕೂಗಿದರೆ ಮಾತು ತಿಳಿಯುತ್ತಿತ್ತು. ಎಂಜಿನ್ ಓಡುತ್ತಿದ್ದರೆ ಅದೂ ಇಲ್ಲ.

ಗಿರಾಕಿಗಳು ಯಾರೂ ಜಗಳವಾಡಿ ಹೋಗಲಿಲ್ಲ. ಸುಮ್ಮನೆ ಬರುವುದನ್ನು ಕಡಿಮೆ ಮಾಡಿದರು. ಜೊತೆಗಿದ್ದ ಕೆಲಸಗಾರ ತಿಪಟೂರಿನ ಟ್ರ್ಯಾಕ್ಟರ್ ಶೋರೂಮಿಗೆ ಸೇರಿಕೊಂಡ. ಉಳಿದವನೆಂದರೆ ಚಂದ್ರಣ್ಣ ಒಬ್ಬನೇ. ಮಾಯಸಂದ್ರದ ಹತ್ತಿರ ಅವನದು ತೆಂಗಿನ ತೋಟ. ಮಳೆ ಬಿದ್ದು ತೋಟದ ದಾರಿ ಕೆಸರಾದರೆ ಕಾಯಿ ಹೊರಗೆ ತರುವುದು ಅವನ ತಂದೆಯ ಕಾಲದ ಆ ಫೋರ್ ವೀಲ್ ಜೀಪೇ. ಅದು ಹೊಗೆ ಉಗುಳಿ, ಆಯಿಲ್ ಕುಡಿದು ನಿಂತುಹೋದಾಗ ಎಲ್ಲರೂ ಗುಜರಿಗೆ ಹಾಕು ಎಂದರಂತೆ. ಅವನು ಸೀದಾ ನಮ್ಮ ಶೆಡ್ಡಿಗೆ ಎಳೆಸಿಕೊಂಡು ಬಂದು, “ಲೋಕಣ್ಣ, ಇದನ್ನ ನೀನು ಬಿಟ್ರೆ ಇನ್ಯಾರೂ ಮುಟ್ಟಬಾರ್ದು” ಎಂದು ಬಿಟ್ಟುಹೋಗಿದ್ದ. ನಾನು ಹುಳಿಯಾರಿನಲ್ಲಿದ್ದಾಗ ಯಜಮಾನರು ಒಬ್ಬರೇ ಕೂತು ಇಡೀ ಎಂಜಿನ್ ಬಿಚ್ಚಿ, ಸಿಲಿಂಡರ್ ಬೋರ್ ಮಾಡಿಸಿ, ಕ್ರ್ಯಾಂಕ್ ಉಜ್ಜಿಸಿ, ಹೊಸ ಪಿಸ್ಟನ್ನು ಬೇರಿಂಗು ಹಾಕಿ ಮತ್ತೆ ಜೋಡಿಸಿದ್ದರು.

ನಾನು ಬಸ್ಸಿಳಿದು ಮನೆಗೆ ಬಂದಾಗ ಶೆಡ್ಡಿನಲ್ಲಿ ಚಂದ್ರಣ್ಣನೂ ಎದುರು ಟೀ ಅಂಗಡಿಯ ಒಂದಿಬ್ಬರೂ ನಿಂತಿದ್ದರು. ಯಜಮಾನರು ನನ್ನನ್ನು ಕಂಡವರೇ ಬ್ಯಾಗು ಇಳಿಸಲೂ ಬಿಡದೆ, “ನೋಡೀಗ” ಎಂದು ಸೆಲ್ಫ್ ಹೊಡೆದರು. ಎಂಜಿನ್ ಹತ್ತಿಕೊಂಡಿತು. ಹೊಗೆಯಿಲ್ಲ, ನಡುಕವಿಲ್ಲ. ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಮದುಮಗನ ಹಾಗೆ ನಿಂತರು.

ಆದರೆ ಒಳಗಿನಿಂದ ಟಕ್ ಟಕ್ ಎಂದು ಏನೋ ಬಡಿಯುತ್ತಿತ್ತು. ನನ್ನ ಅಡುಗೆಮನೆಯ ಗೋಡೆಯಾಚೆ ಅಷ್ಟು ವರ್ಷ ಎಂಜಿನ್ ಸದ್ದು ಕೇಳಿದವಳು ನಾನು. ಅದು ಇರಬೇಕಾದ ಸದ್ದಲ್ಲ ಎಂಬುದಷ್ಟೇ ಗೊತ್ತಾಯಿತು. ಟೀ ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಂದ್ರಣ್ಣ ನನ್ನ ಪಕ್ಕಕ್ಕೆ ಬಂದು, ಮೆಲ್ಲಗೆ ಹೇಳುವ ಅಗತ್ಯವಿಲ್ಲದಿದ್ದರೂ ಮೆಲ್ಲಗೆ ಹೇಳಿದ. “ಅಕ್ಕ, ಏನೋ ಬಡೀತಾ ಐತಲ್ಲ. ನಿನ್ನೆಯಿಂದ ಹಿಂಗೇಯ. ಅಣ್ಣನಿಗೆ ಹೆಂಗೆ ಹೇಳೋದು ಅಂತ ನಂಗೆ ಬಾಯಿ ಬರ್ತಿಲ್ಲ.”

ಯಜಮಾನರು ನಮ್ಮ ತುಟಿಗಳನ್ನೇ ನೋಡುತ್ತಿದ್ದರು. “ಏನ್ರಲಾ? ಯಾಕೆ ಎಲ್ರೂ ಹಂಗೆ ನೋಡ್ತೀರಾ?” ಎಂದರು.

ನಾನು ಎಂಜಿನ್ ನಿಲ್ಲಿಸಲು ಕೈಸನ್ನೆ ಮಾಡಿ, ಅವರ ಎಡಗಿವಿಯ ಹತ್ತಿರ ಹೋಗಿ, “ಒಳಗೆ ಏನೋ ಸದ್ದು ಬತ್ತಾ ಐತೆ ಕಣ್ರೀ” ಎಂದು ಕೂಗಿದೆ. ಕೂಗಿದ್ದು ರಸ್ತೆಗೂ ಕೇಳಿಸಿರಬೇಕು. ಅವರ ಮುಖ ಕಪ್ಪಿಟ್ಟಿತು.

“ಯಾವ ಸದ್ದು? ನಿಂಗೇನೇ ಗೊತ್ತು ಎಂಜಿನ್ ವಿಷ್ಯ? ಹೊಸ ಬೇರಿಂಗು, ಸ್ವಲ್ಪ ಓಡಿದ್ರೆ ಸರಿಹೋಯ್ತದೆ.”

ಮತ್ತೆ ಸ್ಟಾರ್ಟ್ ಮಾಡಿದರು. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್‌ಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿದರು. ಹಿಂದೆಲ್ಲ ಹಾಗೆಯೇ ಎಂಜಿನ್ನಿನ ರೋಗ ಕಂಡುಹಿಡಿಯುತ್ತಿದ್ದರು. ಎಡಗಿವಿಗೆ ಇಟ್ಟರು, ಕಿವಿಯ ಹಿಂದಿನ ಮೂಳೆಗೆ ಇಟ್ಟರು, ಹಣೆಗೆ ಇಟ್ಟರು. ಕೊನೆಗೆ ಅದನ್ನು ಬೆಂಚಿನ ಮೇಲೆ ಎಸೆದು, “ಹತ್ತಿ, ಒಂದು ರೌಂಡು ಹೋಗಿ ಬರಣ” ಎಂದರು.

ಅವರು ಓಡಿಸಿದರು, ನಾನು ಪಕ್ಕದಲ್ಲಿ, ಚಂದ್ರಣ್ಣ ಹಿಂದೆ. ಮಾಯಸಂದ್ರದ ಕಡೆ ಹೊರಟೆವು. ಎರಡೂ ಕಡೆ ತೋಟ, ಗಾಳಿ, ಒಳ್ಳೆಯ ಬಿಸಿಲು. ಯಜಮಾನರು ಒಂದು ಕೈ ಹೊರಗಿಟ್ಟು, ಗುರುತಿನವರು ಕಂಡರೆ ಕೈಯೆತ್ತುತ್ತ ಓಡಿಸುತ್ತಿದ್ದರು. ಆ ಟಕಟಕ ಮಾತ್ರ ನಮ್ಮ ಕಾಲಡಿಯಲ್ಲೇ ಸುತ್ತಿಗೆ ಹೊಡೆದ ಹಾಗೆ ಜೋರಾಗುತ್ತ ಬಂತು. ಏರು ಬಂದಾಗಲಂತೂ ಹೆದರಿಕೆಯಾಯಿತು. ಹಿಂದಿನಿಂದ ಚಂದ್ರಣ್ಣ, “ಅಕ್ಕ, ನಿಲ್ಸಕ್ಕೆ ಹೇಳಕ್ಕ, ರಾಡು ಕಿತ್ಕೊಂಡು ಬತ್ತದೆ!” ಎಂದು ಕೂಗಿದ. ನಾನು ಯಜಮಾನರ ತೋಳು ಹಿಡಿದು ಅಲ್ಲಾಡಿಸಿದೆ. ನನ್ನ ಕಡೆ ನೋಡಿ ನಕ್ಕರು. ಚೆನ್ನಾಗಿದೆ ಎಂದು ಹೇಳುತ್ತಿದ್ದೇನೆ ಎಂದುಕೊಂಡರೋ ಏನೋ.

ನನಗೆ ಬೇರೆ ದಾರಿ ತೋಚಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿದ್ದ ಎಂಜಿನ್ ನಿಲ್ಲಿಸುವ ಗುಂಡಿಯನ್ನು ಜೋರಾಗಿ ಎಳೆದೆ. ಜೀಪು ಮುಗ್ಗರಿಸಿದ ಹಾಗೆ ನಿಧಾನವಾಗಿ ರಸ್ತೆ ಬದಿಯಲ್ಲಿ ನಿಂತಿತು. “ತಲೆ ಕೆಟ್ಟದೇನೇ ನಿಂಗೆ!” ಎಂದು ಅವರು ನನ್ನ ಮೇಲೆ ಕೂಗಾಡಿದರು. ಅಷ್ಟು ವರ್ಷದ ಸಂಸಾರದಲ್ಲಿ ಮೂರನೆಯವರೆದುರು ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಮತ್ತೆ ಸೆಲ್ಫ್ ಹೊಡೆದು, ಎದುರಿಗಿದ್ದ, ಆಯಿಲ್ಲಿನ ಒತ್ತಡ ತೋರಿಸುವ ಮೀಟರಿನ ಕಡೆ ನೋಡಿದರು. ಏರಬೇಕಾದ ಮುಳ್ಳು ತಳದಲ್ಲೇ ಬಿದ್ದಿತ್ತು. ಅವರೇ ಎಂಜಿನ್ ಆರಿಸಿದರು. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು. ಚಂದ್ರಣ್ಣ ಪಕ್ಕದ ತೋಟದವರ ಟ್ರ್ಯಾಕ್ಟರ್ ತಂದು ಜೀಪನ್ನು ವಾಪಸು ಎಳೆಸಿದ.

ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಆಯಿಲ್ ಬದಲಿಸಿದರು, ಟ್ಯಾಪೆಟ್ ನೋಡಿದರು, ಆಯಿಲ್ ಪಂಪು ಬಿಚ್ಚಿ ಹಾಕಿದರು. ಪ್ರತಿ ಸಲ ಸ್ಟಾರ್ಟ್ ಮಾಡಿ, ಒಂದು ಗಳಿಗೆ ಅಂಗೈಯಲ್ಲಿ ಮುಟ್ಟಿ ನೋಡಿ, ಆರಿಸುತ್ತಿದ್ದರು. ಗೋಡೆಯ ಈಚೆ ಅಡುಗೆಮನೆಯಲ್ಲಿ ನಿಂತ ನನಗೆ ಆ ಬಡಿತ ಹಾಗೇ ಕೇಳುತ್ತಿತ್ತು. ಕೊನೆಗೆ ಅವರೇ ಬಾಗಿಲಲ್ಲಿ ಬಂದು ನಿಂತು, “ಸ್ವಲ್ಪ ಬತ್ತೀಯಾ?” ಎಂದರು.

ಹೋದೆ. “ಆ ಸದ್ದು ಹೆಂಗೈತೆ, ಸರಿಯಾಗಿ ಹೇಳು” ಎಂದರು. ನನಗೆ ಎಂಜಿನ್ನಿನ ಮಾತು ಬರುವುದಿಲ್ಲ. ನಾನು ಬೆಳೆದದ್ದು ಕೊಬ್ಬರಿ ಸುಲಿಯುವ ಮನೆಯಲ್ಲಿ. “ಅಟ್ಟದ ಮೇಲೆ ಒಣಗಿದ ಕಾಯಿ ಅಲ್ಲಾಡಿಸಿದ್ರೆ ಚಿಪ್ಪಿನೊಳಗೆ ಕೊಬ್ಬರಿ ಬಡೀತದಲ್ಲ, ಹಂಗೆ” ಎಂದು ಕಿವಿಯಲ್ಲಿ ಕೂಗಿದೆ. ಅವರು ಕಣ್ಣು ಮುಚ್ಚಿಕೊಂಡರು. ಅವರಿಗೆ ಅರ್ಥವಾಗಿತ್ತು.

ಒಂದೊಂದೇ ಸಿಲಿಂಡರಿಗೆ ಹೋಗುವ ಡೀಸೆಲ್ ಪೈಪಿನ ನಟ್ಟನ್ನು ತಾನು ಸಡಿಲಿಸುತ್ತೇನೆ, ಯಾವಾಗ ಆ ಬಡಿತ ಕಡಿಮೆಯಾಗುತ್ತದೋ ಆಗ ಕೈ ಎತ್ತು, ರೋಗ ಅಲ್ಲೇ ಇದೆ ಎಂದರ್ಥ ಎಂದರು. ಮೊದಲನೆಯದು ಸಡಿಲಿಸಿದರು. ಎಂಜಿನ್ ಕುಂಟಿತು, ಬಡಿತ ಹಾಗೇ ಇತ್ತು. ಎರಡನೆಯದೂ ಅಷ್ಟೆ. ಮೂರನೆಯದಕ್ಕೆ ಸ್ಪ್ಯಾನರ್ ಹಾಕಿ ನನ್ನ ಮುಖ ನೋಡಿದರು. ನಟ್ಟು ಸಡಿಲವಾದದ್ದೇ ತಡ, ಬಡಿತ ತಗ್ಗಿತು. ಕೈ ಎತ್ತಿದೆ. ನಾನು ಕೈ ಎತ್ತದೇ ಇದ್ದರೆ ಸಾಕು ಎಂದು ಅವರು ಅಂದುಕೊಂಡಿದ್ದರೆಂದು ಅವರ ಕಣ್ಣಿನಲ್ಲೇ ಕಾಣಿಸಿತು.

ಎಂಜಿನ್ ತಳ ಬಿಚ್ಚಿ ಮೂರನೇ ಪಿಸ್ಟನ್ನಿನ ರಾಡ್ ಇಳಿಸಿದರು. ಹೊಸ ಬೇರಿಂಗು ತವೆಯಲ್ಲಿ ಸೀದ ರೊಟ್ಟಿಯಂತೆ ಕಪ್ಪಾಗಿತ್ತು. ಅದನ್ನು ಪಕ್ಕಕ್ಕಿಟ್ಟು, ರಾಡಿನ ಬೋಲ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅದರ ಕುತ್ತಿಗೆ ಜಗ್ಗಿ ಸಣ್ಣದಾಗಿತ್ತು. ಹಾಗೇ ನೆಲದ ಮೇಲೆ ಕುಳಿತುಬಿಟ್ಟರು.

“ಏನಾಯ್ತು?” ಎಂದು ಕೈಯಾಡಿಸಿ ಕೇಳಿದೆ.

ಗೋಡೆಗೆ ನೇತುಹಾಕಿದ್ದ ಉದ್ದನೆಯ ರೆಂಚನ್ನು ತೋರಿಸಿದರು. ಬೋಲ್ಟು ಬೇಕಾದಷ್ಟು ಬಿಗಿಯಾದ ಕೂಡಲೇ ಟಿಕ್ ಎನ್ನುವ ರೆಂಚದು. “ಟಿಕ್ ಅಂದಿದ್ದು ನಂಗೆ ಗೊತ್ತೇ ಆಗ್ಲಿಲ್ಲ ಕಣೇ. ಕೈಗಾದ್ರೂ ಗೊತ್ತಾಯ್ತದೆ ಅಂದ್ಕೊಂಡಿದ್ದೆ. ಇನ್ನೂ ಬಿಗಿ ಆಗಿಲ್ಲ, ಇನ್ನೂ ಬಿಗಿ ಆಗಿಲ್ಲ ಅಂತ ಎಳೀತಾನೇ ಹೋಗಿವ್ನಿ. ಬೋಲ್ಟೇ ಜಗ್ಗಿಹೋಗೈತೆ, ಅದ್ಕೇ ಬೇರಿಂಗು ಸಡಿಲಾಗಿ ಸುಟ್ಟೋಗೈತೆ.” ಆಮೇಲೆ ಗ್ರೀಸು ಹತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡರು. ಏನಾದರೂ ಸಮಾಧಾನ ಹೇಳೋಣವೆಂದರೆ ಅದನ್ನೂ ಕೂಗಿಯೇ ಹೇಳಬೇಕಲ್ಲ. ಸುಮ್ಮನೆ ಪಕ್ಕದಲ್ಲಿ ಕೂತೆ.

ಚಂದ್ರಣ್ಣ ಬಂದು ಬೋಲ್ಟನ್ನು ನೋಡಿದ. ಬೇರೆಯವನಾಗಿದ್ದರೆ ಜೀಪನ್ನು ಅಂದೇ ಎಳೆದುಕೊಂಡು ಹೋಗುತ್ತಿದ್ದ. ಅವನು ಯಜಮಾನರ ಭುಜ ತಟ್ಟಿ, “ಆಗೋದೆ ಬುಡಣ್ಣ, ಇನ್ನೊಂದ್ಸಲ ಮಾಡು” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕ, ಈ ಸಲ ನೀನು ಜೊತೇಲಿರು” ಎಂದ. ಆ ಮಾತು ಯಜಮಾನರಿಗೆ ಕೇಳಿಸಲಿಲ್ಲ. ಆದರೆ ಅವನ ತುಟಿಯಿಂದ ಓದಿಕೊಂಡರೆಂದು ನನಗೆ ಇವತ್ತಿಗೂ ಅನುಮಾನ.

ಕ್ರ್ಯಾಂಕನ್ನು ತಿಪಟೂರಿಗೆ ಕಳಿಸಿ ಮತ್ತೆ ಉಜ್ಜಿಸಿದ್ದಾಯಿತು. ಹೊಸ ಬೇರಿಂಗು, ಹೊಸ ಬೋಲ್ಟು ಬಂದವು. ಅವರು ರೆಂಚು ಎಳೆಯುತ್ತಿದ್ದರು, ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಟಿಕ್ ಎಂದ ಕೂಡಲೇ ಬೆನ್ನು ತಟ್ಟುತ್ತಿದ್ದೆ. ಅವರು ನಿಲ್ಲಿಸುತ್ತಿದ್ದರು. ಹೀಗೇ ಮುಂದುವರಿದರೆ ಇಬ್ಬರೂ ಸೇರಿ ಗ್ಯಾರೇಜು ನಡೆಸಬಹುದು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂದು ನನಗೆ ತಿಳಿಯಲಿಲ್ಲ.

ಸ್ಟಾರ್ಟ್ ಮಾಡಿದ ದಿನ ಚಂದ್ರಣ್ಣ ತೆಂಗಿನಕಾಯಿ ಒಡೆದ. ಎಂಜಿನ್ ಹತ್ತಿತು. ಬಡಿತವಿಲ್ಲ. ಮೀಟರಿನ ಮುಳ್ಳು ನೆಟ್ಟಗೆ ಮೇಲಕ್ಕೇರಿತು. ಚಂದ್ರಣ್ಣ ಖುಷಿಯಿಂದ ಕುಣಿಯುವುದೊಂದು ಬಾಕಿ. ಯಜಮಾನರು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

“ಹೆಂಗೈತೆ?” ಎಂದರು.

ಹೆಬ್ಬೆರಳೆತ್ತಿ ಚೆನ್ನಾಗಿದೆ ಎಂದು ತೋರಿಸಿದೆ.

“ಚೆನ್ನಾಗಿದೆ ಅಂದ್ರೆ ಹೆಂಗೆ? ಹೇಳೇ.”

ನಾನು ಅವರ ಕಿವಿಗೆ ಬಾಯಿಟ್ಟೆ. ಏನು ಹೇಳುವುದು? ಕೆಟ್ಟ ಸದ್ದಿಗಾದರೆ ಹೋಲಿಕೆ ಸಿಕ್ಕಿತ್ತು. ಸರಿಯಾದ ಸದ್ದಿಗೆ ನನ್ನ ಬಾಯಲ್ಲಿ ಒಂದು ಮಾತೂ ಹುಟ್ಟಲಿಲ್ಲ. “ಸರಿಯಾಗೈತೆ ಕಣ್ರೀ” ಎಂದು ಕೂಗಿದೆ. ಓಡುತ್ತಿದ್ದ ಎಂಜಿನ್ನಿನ ಮುಂದೆ ಅದೂ ಅವರಿಗೆ ಮುಟ್ಟಲಿಲ್ಲ.

ಚಂದ್ರಣ್ಣ ಜೀಪು ಹತ್ತಿ ಹೊರಟ. ಯಜಮಾನರು ರಸ್ತೆಯವರೆಗೂ ಬಂದು ನಿಂತರು. ತಿರುವಿನಲ್ಲಿ ಜೀಪು ಮರೆಯಾಯಿತು. “ಇನ್ನೂ ಕೇಳ್ತಾ ಐತಾ?” ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಸ್ವಲ್ಪ ಹೊತ್ತು ಬಿಟ್ಟು, “ಈಗ?” ಎಂದರು. ದೂರದಲ್ಲಿ ಗೇರು ಬದಲಾಯಿಸಿದ್ದು ಕೇಳಿತು. ಮತ್ತೆ ತಲೆಯಾಡಿಸಿದೆ. ಆಮೇಲೆ ಒಂದು ಬಸ್ಸು ಬಂತು. ಅದು ದಾಟಿಹೋದ ಮೇಲೆ ಏನೂ ಕೇಳಿಸಲಿಲ್ಲ. “ಹೋಯ್ತು” ಎಂದು ಕೈಯಾಡಿಸಿದೆ. ಅವರು ಒಳಗೆ ಹೋಗಿ, ಬೆಂಚಿನ ಮೇಲಿದ್ದ ಸಾಮಾನುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ ಜೋಡಿಸಿ, ಹಾಡಹಗಲಲ್ಲೇ ಶಟರು ಎಳೆದರು.

ಅದು ಮತ್ತೆ ತೆರೆಯಲಿಲ್ಲ. ನಾನು ಜೊತೆಗಿರುತ್ತೇನೆ ಎಂದು ಎಷ್ಟು ಹೇಳಿದರೂ, “ನಿನ್ನ ಕಿವೀಲಿ ನಾನು ಕೆಲ್ಸ ಮಾಡೋಕಾಯ್ತದಾ, ಸುಮ್ನಿರು” ಎಂದುಬಿಟ್ಟರು. ಈಗ ದಿನವೆಲ್ಲ ಟೀ ಅಂಗಡಿಯ ಬೆಂಚಿನ ಮೇಲೆ ರಸ್ತೆಗೆ ಬೆನ್ನು ಮಾಡಿ ಕೂರುತ್ತಾರೆ. ಚಂದ್ರಣ್ಣನ ಜೀಪು ವಾರಕ್ಕೊಮ್ಮೆ ಕಾಯಿ ಹೇರಿಕೊಂಡು ನಮ್ಮ ಮನೆಯ ಮುಂದೆ ಹಾದುಹೋಗುತ್ತದೆ. ನಾನು ಒಲೆ ಸಣ್ಣ ಮಾಡಿ ನಿಂತು ಕೇಳುತ್ತೇನೆ. ಆ ಸದ್ದು ಹೇಗಿದೆ ಎಂದು ಅವರಿಗೆ ಹೇಳಬಹುದಾದ ಒಂದೇ ಒಂದು ಮಾತಾದರೂ ಸಿಕ್ಕೀತೇ ಎಂದು ಹುಡುಕುತ್ತೇನೆ. ಜೀಪು ಹೋಗಿಬಿಡುತ್ತದೆ.