ಇಡ್ಲಿಯ ದರ ಏರಿಸದ ಬೀದಿ

ಈಗಲೂ ಗ್ಯಾಸ್ ಒಲೆ ಹಚ್ಚುವಾಗ ಮುಖ ತಾನಾಗಿ ಹಿಂದಕ್ಕೆ ಸರಿಯುತ್ತದೆ. ದೊಡ್ಡ ಜಮಖಾನೆಯನ್ನು ಯಾರೋ ಒಮ್ಮೆಲೇ ಕೊಡವಿದಂಥ ಆ ಸದ್ದು ಮತ್ತೆ ಕೇಳುತ್ತದೆ.

ವಿಜಯವಾಡದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಚಿಕ್ಕಮ್ಮ ಟಿಫಿನ್ ಅಂಗಡಿ ನಡೆಸುತ್ತಿದ್ದಳು. ಬಳ್ಳಾರಿಯಿಂದ ತೆಲುಗು ಮನೆಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಆ ಅಂಗಡಿಯೇ ಅವಳ ಬದುಕು. ನನ್ನ ಕೆಲಸ ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಒಂದು ಆಫೀಸಿನಲ್ಲಿ. ರಜೆ ಸಿಕ್ಕರೆ ರೈಲು ಹತ್ತಿ ಅವಳಲ್ಲಿಗೆ ಹೋಗುತ್ತಿದ್ದೆ.

ಎದುರಿಗೆ ಇನ್ನೊಬ್ಬನ ಇಡ್ಲಿ ಬಂಡಿ. ಎರಡೂ ಕಡೆ ಒಂದೇ ದರ. ಗ್ಯಾಸ್ ತುಟ್ಟಿಯಾಯಿತು, ಉದ್ದಿನ ಬೇಳೆ ತುಟ್ಟಿಯಾಯಿತು. ದರ ಮಾತ್ರ ಅಲುಗಲಿಲ್ಲ.

“ಸ್ವಲ್ಪ ಏರಿಸು ಚಿಕ್ಕಮ್ಮ.”

“ಏರಿಸಿದ್ರ ಆಟೋದೋರೆಲ್ಲ ಆ ಕಡಿಗೆ ಹಾರ್ತಾರ. ನಿನ್ನ ಬಿ.ಕಾಂ.ನಾಗ ಇದನ್ನ ಹೇಳ್ಕೊಡ್ಲಿಲ್ಲೇನು?”

ಚಟ್ನಿ ತೆಳ್ಳಗಾಯಿತು. ಪಾತ್ರೆ ತೊಳೆಯುವವಳನ್ನು ಬಿಡಿಸಿದಳು. ಕೊನೆಗೆ ಉಳಿಸಲು ಸಿಕ್ಕಿದ್ದು ಗ್ಯಾಸ್ ಒಂದೇ. ಸಿಲಿಂಡರ್ ಮುಗಿಯುತ್ತ ಬಂದಾಗ ಅದನ್ನು ಅಡ್ಡ ಮಲಗಿಸಿ, ತಳದಲ್ಲಿ ಉಳಿದದ್ದನ್ನೂ ಉರಿಸುತ್ತಿದ್ದಳು. ಆ ಬೀದಿಯ ಎಲ್ಲ ಒಲೆಗಳದ್ದೂ ಅದೇ ರೂಢಿ.

ಆ ಬೆಳಗ್ಗೆ ನಾನು ಬಾಳೆಲೆ ಒರೆಸುತ್ತಿದ್ದೆ. “ಇನ್ನೊಂದು ಒಬ್ಬಿ ಇಡ್ಲಿ ಬೇಯ್ತೈತಿ ಬಿಡು,” ಎನ್ನುತ್ತ ಸಿಲಿಂಡರನ್ನು ಕಾಲಿನಿಂದ ಉರುಳಿಸಿದಳು. ತಳದ ದ್ರವ ಒಮ್ಮೆಲೇ ಕೊಳವೆಗೆ ನುಗ್ಗಿ, ಜಮಖಾನೆ ಕೊಡವಿದಂಥ ಸದ್ದಿನೊಂದಿಗೆ ಒಲೆಯ ಬೆಂಕಿ ಸೂರಿನವರೆಗೆ ಎದ್ದಿತು. “ಬಿಟ್ಟು ಬಾ!” ಎಂದು ಕೂಗಿದೆ. ಅವಳು ಬರಲಿಲ್ಲ. ಎರಡೂ ಕೈ ಬೆಂಕಿಯೊಳಗೆ ಹಾಕಿ ವಾಲ್ವ್ ತಿರುಗಿಸಿದಳು. ಅಂಗಡಿ ಉಳಿಯಬೇಕಿತ್ತು ಅವಳಿಗೆ. ಎದುರಿನವನು ಒದ್ದೆ ಗೋಣಿಚೀಲ ಹಿಡಿದು ರಸ್ತೆ ದಾಟಿ ಹಾರಿ ಬಂದ.

ಬೆರಳುಗಳು ಇನ್ನು ಮಡಚುವುದಿಲ್ಲ ಎಂದರು ಆಸ್ಪತ್ರೆಯಲ್ಲಿ. ಅಂಗಡಿ ಉಳಿದರೂ ಹಿಟ್ಟು ರುಬ್ಬಿ ತಟ್ಟೆ ತುಂಬುವ ಕೈ ಉಳಿಯಲಿಲ್ಲ.

ಎದುರಿನವನು ನೋಡಲು ಬಂದ. ಮಂಚದ ಬುಡದಲ್ಲಿ ನಿಂತು ತೆಲುಗಿನಲ್ಲಿ ಹೇಳಿದ:

“ಅಕ್ಕಾ, ನಿನ್ನೆ ದರ ಏರಿಸಿದೆ. ಬೇರೆಯವರು ಹೇಳೋ ಮುಂಚೆ ನಾನೇ ಹೇಳೋಣ ಅಂತ ಬಂದೆ.”

“ನಿನಗೂ ಗಿಟ್ತಿರಲಿಲ್ವಾ?”

“ಎಲ್ಲಿ ಅಕ್ಕಾ! ನೀವು ಏರಿಸಿದೀರೇನೋ ಅಂತ ದಿನಾ ಬೆಳಗ್ಗೆ ನಿಮ್ಮ ದರದ ಬೋರ್ಡೇ ನೋಡ್ತಿದ್ದೆ.”

“ನಾನು ನಿನ್ನ ಬೋರ್ಡ್ ನೋಡ್ತಿದ್ದೆನಲ್ಲೋ.”

ಅವನು ತಲೆ ತಗ್ಗಿಸಿದ. ಚಿಕ್ಕಮ್ಮ ಕೇಳಿದಳು: “ದರ ಜಾಸ್ತಿ ಅಂತ ಯಾರಾದ್ರೂ ತಿನ್ನದೆ ಹೋದ್ರಾ?”

“ಇಲ್ಲಕ್ಕಾ. ಗೊಣಗಿದ್ರು, ತಿಂದ್ರು.”

ಅವನು ಹೋದ ಮೇಲೆ ಅವಳು ನನ್ನ ಕಡೆ ತಿರುಗಿ, ಪಟ್ಟಿ ಸುತ್ತಿದ ಕೈ ಎತ್ತಲಾರದೆ, “ಕಣ್ಣು ಒರೆಸವ್ವಾ” ಎಂದಳು.