ಲಕ್ಕಿಯ ಸಾರಿನ ಮೇಲಿನ ದೂರು

ಭಟ್ಕಳದ ಮೀನುಗಾರ ಮೊಗೇರರಲ್ಲಿ ದೋಣಿಯ ಚುಕ್ಕಾಣಿ ಹಿಡಿಯುವ ತಾಂಡೇಲ ಶನಿಯಾರನಂಥವನು ಇನ್ನೊಬ್ಬನಿಲ್ಲ ಎಂದು ಬೇರೆಯವರು ಹೇಳುವ ಮೊದಲು ಅವನೇ ಹೇಳಿಬಿಡುತ್ತಿದ್ದ. ದೋಣಿ ನಡೆಸುವಾಗ ನಿದ್ದೆ ಹತ್ತಿರ ಸುಳಿಯಬಾರದೆಂದು ಕೆನ್ನೆಯೊಳಗೆ ಕವಳ ಇಟ್ಟನೆಂದರೆ ದಡ ಮುಟ್ಟುವ ತನಕ ಅದು ಅಲ್ಲೇ. ಅಡಿಕೆ, ಸುಣ್ಣ, ಹೊಗೆಸೊಪ್ಪು. ಊಟದ ಹೊತ್ತಿಗೆ ಮಾತ್ರ ಅದಕ್ಕೆ ರಜೆ.

ಅಂಥವನಿಗೆ ಎದೆನೋವು ಬಂತು. ರಕ್ತನಾಳ ಕಟ್ಟಿದೆ, ಬೈಪಾಸ್ ಆಗಬೇಕು ಎಂದರು ಮಂಗಳೂರಿನ ಆಸ್ಪತ್ರೆಯಲ್ಲಿ. ಎದೆಯೆಲುಬು ಸೀಳದೆ, ಪಕ್ಕೆಲುಬುಗಳ ನಡುವಿನ ಸಣ್ಣ ಗಾಯದಲ್ಲೇ ಮಾಡಬಹುದು, ಬೇಗ ಚೇತರಿಸಿಕೊಳ್ಳಬಹುದು ಎಂದಾಗ ಶನಿಯಾರ ಹಿಗ್ಗಿದ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿಯುವ ದಿನ ತಾನೂ ಚುಕ್ಕಾಣಿ ಹಿಡಿಯಬೇಕು. ಅವನಿಗೆ ಬೇಕಿದ್ದುದು ಅಷ್ಟೇ.

ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರ್ ಗಾಯತ್ರಿ ನೋಡಲು ಬಂದರು.

“ಬಾಯಿ ದೊಡ್ಡದಾಗಿ ತೆರೀರಿ. ಇನ್ನೂ ದೊಡ್ಡದಾಗಿ.”

“ಇಷ್ಟೇ ಬತ್ತದೆ.”

ಒಂದು ಬೆರಳು ಕಷ್ಟದಲ್ಲಿ ತೂರಿತು. ಗಾಯತ್ರಿಯವರ ಮುಖ ಸಪ್ಪಗಾಯಿತು. ಸಣ್ಣ ಗಾಯದಲ್ಲಿ ಕೆಲಸ ಮಾಡಲು ಎಡಗಡೆಯ ಶ್ವಾಸಕೋಶವನ್ನು ಸುಮ್ಮನಿರಿಸಿ, ಬಲಗಡೆಯದರಲ್ಲಷ್ಟೇ ಉಸಿರಾಡಿಸಬೇಕು. ಅದಕ್ಕೆ ದಪ್ಪ ನಳಿಗೆಯೊಂದು ಬಾಯಿಯಿಂದಲೇ ಇಳಿಯಬೇಕು. ಈ ಬಾಯಿಯಲ್ಲಿ ಅದು ಇಳಿಯುವ ಹಾಗಿರಲಿಲ್ಲ. ಮೂಗಿನಿಂದ ಸಪೂರ ನಳಿಗೆ ಹಾಕಬಹುದು, ಆದರೆ ಅದರಲ್ಲಿ ಎರಡೂ ಶ್ವಾಸಕೋಶ ಉಸಿರಾಡುತ್ತವೆ, ಆಗ ಎದೆಯೆಲುಬು ಸೀಳಲೇಬೇಕು.

“ಆಗಸ್ಟಿನಲ್ಲಿ ಕಡಲು ಮರೆತುಬಿಡಿ. ಕವಳದಿಂದ ಕೆನ್ನೆ ಒಳಗೆಲ್ಲ ಬಿಗಿದಿದೆ. ಮೊದಮೊದಲು ಖಾರ ತಿಂದರೆ ಬಾಯಿ ಉರೀತಿತ್ತಲ್ವಾ?”

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಲಕ್ಕಿಯ ಕಡೆ ನೋಡುವ ಧೈರ್ಯ ಶನಿಯಾರನಿಗಾಗಲಿಲ್ಲ. ಉರಿಯುತ್ತಿತ್ತು. “ಎಂತ ಮೆಣಸು ಸುರ್ದೆ ಇದಕ್ಕೆ?” ಎಂದು ನೆಂಟರೆದುರೇ ಬಟ್ಟಲು ಎಸೆದಿದ್ದ. ಕೈಗುಣ ಇಲ್ಲದವಳೆಂದು ಕೇರಿಗೆಲ್ಲ ಸಾರಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನದೂ ಅದೇ ಕತೆ. ಲಕ್ಕಿ ಮೆಣಸು ಕಡಿಮೆ ಮಾಡುತ್ತ ಮಾಡುತ್ತ ಬಂಗಡೆ ಸಾರನ್ನು ಕಾಯಿಹಾಲಿನ ಬಣ್ಣಕ್ಕೆ ತಂದಿದ್ದಳು, ವರ್ಷಗಟ್ಟಲೆ ತಾನೂ ಅದನ್ನೇ ಉಂಡಿದ್ದಳು.

“ಹಾಂಗಾರೆ ಸಾರಿನ ತಪ್ಪಲ್ಲ, ಅಲ್ದಾ ಡಾಕ್ಟ್ರಮ್ಮ?” ಎಂದಳು ಲಕ್ಕಿ, ಮೆಲ್ಲಗೆ.

ಎದೆ ಸೀಳಿಸಿಕೊಂಡು, ಹೊಲಿಸಿಕೊಂಡು ಶನಿಯಾರ ಮನೆಗೆ ಬಂದ. ದೋಣಿಗಳು ಇಳಿದ ದಿನ ಜಗಲಿಯಲ್ಲಿ ಕುಳಿತು ಎಂಜಿನ್ನುಗಳ ಸದ್ದು ಕೇಳಿದ. ಹೊಟ್ಟೆ ಉರಿಯಿತು, ಆದರೂ ಅದನ್ನು ಸಹಿಸಿಕೊಂಡ. ಸಹಿಸಲಾಗದ್ದು ಊಟಕ್ಕೆ ಕುಳಿತಾಗ ಕಂಡಿತು. ಇಬ್ಬರ ಬಟ್ಟಲಲ್ಲೂ ಅದೇ ಬಿಳಿ ಸಾರು.

“ನಂದು ತಪ್ಪಾತು ಲಕ್ಕಿ. ನಿಂಗೆ ಬೇರೆ ಮಾಡ್ಕ. ಮೊದ್ಲಿನಂಗೆ, ಕೆಂಪಗೆ.”

“ನಿನ್ನೆ ಮಾಡಿದ್ದೆ,” ಎಂದಳು ಲಕ್ಕಿ, ಅನ್ನ ಕಲಸುತ್ತ. “ಈಗ ನಂಗೇ ತಿಂಬುಕೆ ಆಗ್ಲಿಲ್ಲ. ಖಾರ ಅಂದೇಳಿ ಚೆಲ್ದೆ.”