ಸರ್ವರ್ ಕೋಣೆಯ ಬೀಗದ ಕೈ

ಕಳೆದ ಮಾಘದಲ್ಲಿ ಎದೆನೋವಿನಿಂದ ತೀರಿಕೊಂಡ ನಮ್ಮ ವಾಗೀಶ್ ರಾಯದುರ್ಗದ ಒಂದು ಜೀನ್ಸ್ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಹೆಂಡತಿ ಉಷಾರಾಣಿಗೆ ಮಡಕಶಿರದ ಶಾಲೆಯಲ್ಲಿ ಕೆಲಸ. ಮದುವೆಯಾದಾಗಿನಿಂದ ಅವರ ಸಂಸಾರ ನಡೆದದ್ದು ರಜೆಯ ದಿನಗಳಲ್ಲಿ, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ. ಹಾಗಾಗಿ ಮಾಲೀಕ ಚಂದ್ರಶೇಖರಯ್ಯನವರು, "ಕಂಪನಿಗೆಲ್ಲ ಒಂದು ಇಮೇಲ್ ವ್ಯವಸ್ಥಾ ಮಾಡಿಕೊಡಪ್ಪ. ಆಮ್ಯಾಲೆ ಮಡಕಶಿರದ ಯೂನಿಟ್ ನೀನೇ ನೋಡ್ಕೊ" ಎಂದಾಗ ವಾಗೀಶನಿಗೆ ಕೆಲಸಕ್ಕಿಂತ ಮೊದಲು ಮನೆ ಕಾಣಿಸಿತು.

ಅಲ್ಲಿಯವರೆಗೆ ಒಬ್ಬೊಬ್ಬರು ಒಂದೊಂದು ಪುಕ್ಕಟೆ ವಿಳಾಸದಿಂದ ಬರೆಯುತ್ತಿದ್ದರು. ಕೆಲಸ ಬಿಟ್ಟವನ ಹಿಂದೆಯೇ ಗಿರಾಕಿಗಳ ಪತ್ರಗಳೂ ಹೊರಟುಹೋಗುತ್ತಿದ್ದವು. ಹೊರಗಿನ ಸೇವೆಯನ್ನು ಬಾಡಿಗೆಗೆ ಹಿಡಿಯಬಹುದಿತ್ತು. ಆಗ ಯಾರೂ ಕಾವಲು ಕೂರಬೇಕಿರಲಿಲ್ಲ. ಆದರೆ ವಾಗೀಶನಿಗೆ ಕಂಪನಿಯೊಳಗೇ ಒಂದು ಸರ್ವರ್ ತಾನೇ ಕಟ್ಟಿ ನಿಲ್ಲಿಸುವ ಆಸೆ.

"ನಮ್ಮ ಪತ್ರ ನಮ್ಮ ಮನ್ಯಾಗ ಇರಬೇಕ್ರಿ ಸಾವ್ಕಾರ್ರೆ. ಮಂದಿ ಮನ್ಯಾಗ ಯಾಕ?" ಎಂದ. ಮಾತು ಮುದುಕ ಸಾಹುಕಾರರಿಗೆ ನಾಟಿತು.

ಯೋಜನೆಯನ್ನು ಅಚ್ಚುಕಟ್ಟಾಗಿ ಬರೆದ. ಯಾವ ವಿಭಾಗ ಮೊದಲು, ಹಳೆಯ ಪತ್ರಗಳನ್ನು ತರುವುದು ಹೇಗೆ, ಕರೆಂಟ್ ಹೋದರೆ ಏನು. ಕೊನೆಯಲ್ಲಿ, ನೋಡಿಕೊಳ್ಳುವವರು ಎಂದು ಎರಡು ಹೆಸರು: ತಾನು, ಮತ್ತು ಲೆಕ್ಕಪತ್ರ ವಿಭಾಗದ ಅಂಜನಾ.

ಓದುತ್ತಿದ್ದ ಸಾಹುಕಾರರು ಅಲ್ಲಿ ನಿಂತರು. "ಎರಡು ಹೆಸರು ಯಾಕ?"

"ಒಬ್ಬರಿಗೆ ಜ್ವರ ಬಂದ್ರ ಇನ್ನೊಬ್ಬರು ಬೇಕಲ್ರಿ. ಅಂಜನಾಗ ಎಲ್ಲಾ ಕಲಿಸ್ತೀನಿ. ನಾನು ಮಡಕಶಿರದಿಂದಾನ ನೋಡ್ಕೊತೀನಿ."

"ನಮ್ಮ ತಾತನ ಕಾಲದಿಂದ ತಿಜೋರಿ ಬೀಗದ ಕೈ ಒಬ್ಬರ ಹತ್ರಾನ ಐತಿ. ಅಮಾಸಿ ಪೂಜಿನೂ ಅವರದ. ಇಬ್ಬರ ಕೈಗೆ ಹೋದ್ರ ಅದು ತಿಜೋರಿ ಅಲ್ಲ, ಛತ್ರ."

"ಇದು ತಿಜೋರಿ ಅಲ್ರಿ."

"ನಮ್ಮ ಮನ್ಯಾಗ ಇರಬೇಕು ಅಂದಾವ ನೀನ ಅಲ್ಲೇನಪ್ಪ?"

ಅಂಜನಾಳ ಹೆಸರಿನ ಮೇಲೆ ಗೆರೆ ಬಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ತಿಜೋರಿಯ ಪಕ್ಕದ ಕೋಣೆಯಲ್ಲಿ ಸರ್ವರ್ ಇಟ್ಟರು. ವಿಭೂತಿ ಬಳಿದು ಕಾಯಿ ಒಡೆದರು. ಹೊಲಿಗೆಯವರೆಲ್ಲ ನೋಡುತ್ತಿದ್ದಂತೆ ಸಾಹುಕಾರರು ಆ ಕೋಣೆಯ ಬೀಗದ ಕೈಯನ್ನು ವಾಗೀಶನ ಅಂಗೈಯಲ್ಲಿಟ್ಟರು.

"ಈ ಕೈ ಹಿಡಿದಾವ ಊರು ಬಿಡಂಗಿಲ್ಲ. ಪ್ರತಿ ಅಮಾಸಿಗೂ ಇಲ್ಲಿ ನೀನ ಇರಬೇಕು. ನನ್ನ ಮಗನ್ನೂ ಇಷ್ಟು ನಂಬಿಲ್ಲ ನಾನು." ಮುದುಕರ ಕಣ್ಣು ತುಂಬಿತ್ತು. ಅವರ ಮಾತಿನಲ್ಲಿ ಮೋಸವಿದ್ದಿದ್ದರೆ ವಾಗೀಶ್ ಜಗಳವಾಡುತ್ತಿದ್ದನೇನೋ. ಬಗ್ಗಿ ಕಾಲು ಮುಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಉಷಾರಾಣಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದ.

"ಆಗಲ್ಲ ಅನ್ನಕ್ಕೆ ಬಾಯಿ ಬರಲಿಲ್ವಾ ನಿಮಗೆ?"

"ಎಲ್ಲರ ಮುಂದೆ ಕೈಗೆ ಇಟ್ಟರು."

"ಹಂಗಾದ್ರೆ ಆ ಮಿಶನ್ನಿಗೇ ತಾಳಿ ಕಟ್ಬಿಡ್ರಿ. ಬಂದು ಅಕ್ಷತೆ ಹಾಕೋಗ್ತೀನಿ."

ಅವನು ನಕ್ಕ. ಅವಳು ನಗಲಿಲ್ಲ.

ಮುಂದಿನ ತಿಂಗಳು ಮಡಕಶಿರದ ಯೂನಿಟ್ ನೋಡಿಕೊಳ್ಳಲು ಅದೇ ಊರಿನ ತಿಮ್ಮರಾಜು ಎಂಬವರನ್ನು ತೆಗೆದುಕೊಂಡರು. ಅವರಿಗೆ ಕಂಪನಿಯ ಹೆಸರಿನಲ್ಲಿ ಇಮೇಲ್ ವಿಳಾಸ ಮಾಡಿಕೊಟ್ಟವನು ವಾಗೀಶನೇ.